ಹಿಂದಿನ ಸೀಟು

ಅಂದು ಮಂಜು ಇರಲಿಲ್ಲ. ಮೆಟ್ಟಿಲಿಳಿಯುವಾಗಲೇ ಚಿನ್ಮಯಿಗೆ ಅದು ಗೊತ್ತಾಯಿತು. ಗೊತ್ತಾದದ್ದೇ ತಡ, ಮೆಟ್ಟಿಲಿನ ಮೇಲೆಯೇ ನಿಂತುಬಿಟ್ಟಳು. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಎದುರಿನ ಬೇವಿನ ಮರ, ಅದರ ಹಿಂದಿನ ನೀರಿನ ಟ್ಯಾಂಕು, ಟ್ಯಾಂಕಿನ ಅಂಚಿಗೆ ಸಾಲಾಗಿ ಕೂತ ಪಾರಿವಾಳಗಳು ಎಲ್ಲವೂ ಈಗಷ್ಟೇ ತೊಳೆದಿಟ್ಟಂತೆ ಕಾಣುತ್ತಿದ್ದವು. ಜನವರಿ ಪೂರ್ತಿ ಇವೆಲ್ಲ ಇದ್ದವೋ ಇಲ್ಲವೋ ಎನ್ನುವ ಹಾಗಿದ್ದವು. ಕೆಳಗೆ ಅವಳ ಸೋದರಮಾವ ಜಗನ್ನಾಥ ಬೈಕಿನ ಪಕ್ಕ ನಿಂತು ಹೆಲ್ಮೆಟ್ಟಿನ ಗಾಜನ್ನು ಕರ್ಚೀಫಿನಿಂದ ಒರೆಸುತ್ತಿದ್ದರು. ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿದರು. ಗಾಜಿನ ಮೇಲೆ ಒಂದು ಹನಿಯೂ ಇರಲಿಲ್ಲ. 'ಈ ಮಂಜಿನಲ್ಲಿ ಯಾರಿಗೆ ತಾನೇ ಏನು ಕಾಣುತ್ತೆ' ಎಂದು ಕಳೆದ ತಿಂಗಳೆಲ್ಲ ದಿನಕ್ಕೊಂದು ಸಲ ಹೇಳುತ್ತಿದ್ದ ಮಾತನ್ನು ಇವತ್ತು ಅವರು ಹೇಳಲಿಲ್ಲ. ಹೇಳಿಯಾರು ಎಂದು ಅವಳು ಕಾದಳು. ಹೇಳಿದ್ದರೆ, ಸುಳ್ಳೇ ಆದರೂ, ಒಂದಿಷ್ಟು ಸಮಾಧಾನವಾಗುತ್ತಿತ್ತು.

"ಕೂತ್ಕೋ ಚಿನ್ನಿ, ಲೇಟಾಯ್ತು," ಎಂದರು ಮಾವ. ಹೇಳುವಾಗ ಅವರ ನೋಟ ಅವಳ ಮುಖದ ಮೇಲಿರಲಿಲ್ಲ. ಎಡಗಿವಿಯ ಆಚೆ ಎಲ್ಲೋ ಇತ್ತು. ಮೇಲಿನ ಬಾಲ್ಕನಿಯಿಂದ ಶಾಂತಮ್ಮತ್ತೆ ಬಗ್ಗಿ, "ದುಪಟ್ಟಾ ಗಾಲಿಗೆ ಸಿಕ್ಕೀತು, ಸುತ್ಕೋ. ಎರಡೂ ಕಾಲು ಒಂದೇ ಕಡೆ ಹಾಕು," ಎಂದು ಕೂಗಿದರು. ಇದು ದಿನದ ಮಾತು. ಚಿನ್ಮಯಿ ದಿನದಂತೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಹಾಗೆ ಕೂತವರಿಗೆ ರಸ್ತೆಯ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧವನ್ನು ನೋಡಬೇಕೆಂದರೆ ಕತ್ತು ತಿರುಗಿಸಬೇಕು. ಈ ಒಂದು ತಿಂಗಳಲ್ಲಿ ಅವಳ ಕತ್ತು ಬಲಕ್ಕೆ ತಿರುಗಿ ತಿರುಗಿ ಸಂಜೆ ಹೊತ್ತಿಗೆ ನೋಯುತ್ತಿತ್ತು. ಆಫೀಸಿನಲ್ಲಿ ಯಾರಾದರೂ ಕೇಳಿದರೆ ದಿಂಬು ಸರಿಯಿಲ್ಲ ಎನ್ನುತ್ತಿದ್ದಳು.

ರಿಂಗ್ ರೋಡಿಗೆ ಬಂದ ಕೂಡಲೇ ಮಾವ ಒಂದು ಬಸ್ಸಿನ ಬೆನ್ನು ಹಿಡಿದರು. ಅದು ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ಡೀಸೆಲ್ ಹೊಗೆ ನೇರ ಮುಖಕ್ಕೆ ಬಡಿಯುತ್ತಿತ್ತು. ಬಸ್ಸಿನ ಹಿಂದಿನ ಗಾಜಿಗೆ ಒತ್ತಿಕೊಂಡಿದ್ದ ಬೆನ್ನುಗಳನ್ನೂ ಮೊಣಕೈಗಳನ್ನೂ ನೋಡಬಾರದೆಂದುಕೊಂಡರೂ ಚಿನ್ಮಯಿ ನೋಡಿದಳು. ಜನವರಿಯ ಮೊದಲ ವಾರ ಓಖ್ಲಾದ ಆಫೀಸಿನಿಂದ ವಾಪಸು ಬರುವಾಗ ಇಂಥದೇ ಬಸ್ಸು, ಇಂಥದೇ ಬೆನ್ನುಗಳು. ಎರಡು ಜಡೆ ಹಾಕಿಕೊಂಡು ಸ್ಕೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದ ಒಬ್ಬ ಹುಡುಗಿ. ಅವಳ ಹಿಂದೆ, ಬಸ್ಸು ಅಲ್ಲಾಡದಿದ್ದರೂ ಅಲ್ಲಾಡುತ್ತಿದ್ದ ಒಬ್ಬ ಮನುಷ್ಯ. ಹುಡುಗಿ ಸುತ್ತ ಒಮ್ಮೆ ನೋಡಿ, ಕಡೆಗೆ ಚಿನ್ಮಯಿಯ ಮುಖದಲ್ಲಿ ಕಣ್ಣು ನಿಲ್ಲಿಸಿದಳು. ಅಳುತ್ತಿರಲಿಲ್ಲ, ಕರೆಯಲಿಲ್ಲ, ಸುಮ್ಮನೆ ನೋಡಿದಳು. ಚಿನ್ಮಯಿ ಕಿಟಕಿಯ ಕಡೆ ತಿರುಗಿಕೊಂಡಳು. ಕಿಟಕಿಯಾಚೆ ಒಂದು ಬಾತ್‌ರೂಮ್ ಟೈಲ್ಸಿನ ಬೋರ್ಡಿತ್ತು. ಅದರ ಮೇಲಿದ್ದ ಫೋನ್ ನಂಬರನ್ನು ಎರಡು ಸಲ ಓದಿದಳು. ತನ್ನ ಸ್ಟಾಪು ಬರುವ ಮೊದಲೇ ಇಳಿದು ಎರಡು ಕಿಲೋಮೀಟರು ನಡೆದಳು. ಮನೆಗೆ ಬಂದು, ಬಸ್ಸಿನಲ್ಲಿ ತಲೆಸುತ್ತು ಬರುತ್ತೆ, ಇನ್ನು ಹೋಗೋಕಾಗಲ್ಲ ಎಂದಳು. ಅತ್ತೆ ಶುಂಠಿ ಕಷಾಯ ಮಾಡಿಕೊಟ್ಟರು. ಮಾವ ಮಾತ್ರ ಏನೂ ಕೇಳದೆ, "ನಾನು ಬಿಡ್ತೀನಿ ಬಿಡು," ಎಂದರು. ಅವರ ಆಫೀಸು ಆರ್.ಕೆ. ಪುರಂನಲ್ಲಿ, ಅವಳದು ಓಖ್ಲಾದಲ್ಲಿ; ಒಂದು ಈ ತುದಿ, ಇನ್ನೊಂದು ಆ ತುದಿ. ಸಂಜೆ ಕರೆತರುವವರೂ ಅವರೇ. ಅವಳನ್ನು ಬಿಟ್ಟು ವಾಪಸು ಬರಲೆಂದು ಐವತ್ತಾರು ವರ್ಷದ ಆ ಮನುಷ್ಯ ದಿನವೂ ಒಂದೂವರೆ ಗಂಟೆ ಮೊದಲು ಎದ್ದು ತಣ್ಣೀರು ಮುಖಕ್ಕೆ ಚಿಮುಕಿಸಿಕೊಳ್ಳುತ್ತಿದ್ದ ಸದ್ದು ಅವಳ ಹಾಸಿಗೆಗೆ ಕೇಳಿಸುತ್ತಿತ್ತು.

"ಮುಂದೆ ಹೋಗ್ತಿರೋ ಬಸ್ಸಿನ ನಂಬರ್ ಎಷ್ಟು, ಹೇಳು ನೋಡೋಣ," ಎಂದರು ಮಾವ, ತಲೆ ತಿರುಗಿಸದೆ.

"ಐನೂರ ನಲವತ್ಮೂರು, ಮಾವ."

ಮೊದಲ ದಿನಗಳಲ್ಲಿ ಇದು ಹೊತ್ತು ಕಳೆಯುವ ಆಟವೆಂದು ಅವಳು ತಿಳಿದಿದ್ದಳು. ಅವಳು ಚಿಕ್ಕವಳಿದ್ದಾಗ ದೆಹಲಿಯಿಂದ ರಜೆಗೆ ಬಂದ ಮಾವ ದಾವಣಗೆರೆಯ ಮಂಡಿಪೇಟೆಯಲ್ಲಿ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಂಗಡಿಯ ಬೋರ್ಡುಗಳನ್ನು ಓದಿಸುತ್ತಿದ್ದರು. ತಪ್ಪಿಲ್ಲದೆ ಓದಿದರೆ ಬೆಣ್ಣೆ ಬಿಸ್ಕತ್ತು. ಒತ್ತಕ್ಷರ ಕಲಿತದ್ದೇ ಹಾಗೆ. ಆದರೆ ಮೂರನೆಯ ದಿನವೋ ನಾಲ್ಕನೆಯ ದಿನವೋ ಮೂಲಚಂದ್ ಸಿಗ್ನಲ್ಲಿನಲ್ಲಿ ಅವರು "ಹಸಿರಾಯ್ತಾ?" ಎಂದು ಕೇಳಿದರು. ದೀಪ ನೇರ ಎದುರಿಗಿತ್ತು. ಅಷ್ಟೊತ್ತಿಗೆ ಮಂಜೂ ಕರಗಿ ಹೋಗಿತ್ತು. ಚಿನ್ಮಯಿ ಒಂದು ಕ್ಷಣ ಅವರ ಬೆನ್ನನ್ನು, ಕಾಲರಿನ ಮೇಲೆ ಹೊರಬಂದಿದ್ದ ಸ್ವೆಟರಿನ ದಾರವನ್ನು ನೋಡಿದಳು. ಆಮೇಲೆ ತೀರ ಮಾಮೂಲಿ ದನಿಯಲ್ಲಿ, "ಆಯ್ತು ಮಾವ," ಎಂದಳು. ಆ ಮಾಮೂಲಿ ದನಿ ಅವಳಿಗೆ ಎಲ್ಲಿಂದ ಬಂತೋ. ಅಂದಿನಿಂದ ಇಬ್ಬರ ನಡುವೆ ಒಂದು ಒಪ್ಪಂದವಾದಂತಾಯಿತು. ಮಾತಿನ ನಡುವೆ ಮಾತೆಂಬಂತೆ ಅವಳು, ಮುಂದೆ ಆಟೋ ನಿಂತಿದೆ ನೋಡಿ, ಎನ್ನುವಳು. ಅವರು, ಹೂಂ ಹೂಂ, ಎಂದು ಬ್ರೇಕು ಒತ್ತುವರು. ಅವಳ ಕೆಲಸವೇ ನೋಡುವುದು. ಓಖ್ಲಾದ ಬಟ್ಟೆ ರಫ್ತಿನ ಆಫೀಸಿನಲ್ಲಿ ಬಣ್ಣ ಹಾಕಿ ಬಂದ ಬಟ್ಟೆಯ ಥಾನುಗಳನ್ನು ಮಾದರಿಯ ಚೂರಿನ ಪಕ್ಕ ಹಿಡಿದು, ಈ ನೀಲಿ ಬೇರೆ, ಆ ನೀಲಿ ಬೇರೆ ಎಂದು ಹೇಳಬೇಕು. ಬೇರೆಯವರ ಕಣ್ಣಿಗೆ ಒಂದೇ ಆದದ್ದು ಅವಳಿಗೆ ಎರಡಾಗಿ ಕಾಣುತ್ತದೆ ಎಂದು ಮ್ಯಾನೇಜರು ಎಲ್ಲರೆದುರು ಹೊಗಳಿದ್ದರು. ಆ ದಿನ ಅವಳಿಗೆ ಊಟ ಸೇರಲಿಲ್ಲ. ಅತ್ತೆಗೆ ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ಹೇಳಿದರೆ ಮಾವನ ಬೈಕು ನಿಲ್ಲುತ್ತದೆ. ಬೈಕು ನಿಂತರೆ ಮತ್ತೆ ಬಸ್ಸು. ಆ ಲೆಕ್ಕ ಅಲ್ಲಿಗೆ ಬಂದು ನಿಲ್ಲುತ್ತಿತ್ತು, ಅವಳೂ ನಿಲ್ಲುತ್ತಿದ್ದಳು.

ಆಂಡ್ರೂಸ್ ಗಂಜ್ ಹತ್ತಿರ ಬಸ್ಸು ಅವರನ್ನು ಬಿಟ್ಟು ಮುಂದೆ ಹೋಯಿತು. ರಿಂಗ್ ರೋಡಿನ ಗಲಾಟೆ ಬೇಡವೆಂದು ಮಾವ ಪಕ್ಕದ ಸರ್ವಿಸ್ ರಸ್ತೆಗೆ ಇಳಿದರು. ರಸ್ತೆ ಖಾಲಿಯಿತ್ತು, ಬಿಸಿಲು ಬಿದ್ದಿತ್ತು. ಮುಂದೆ ಎಡಕ್ಕೆ ಒಬ್ಬ ಸೈಕಲ್ ತುಳಿಯುತ್ತಿದ್ದ. ಕಡುಗೆಂಪು ಸ್ವೆಟರು, ಹ್ಯಾಂಡಲ್ಲಿಗೆ ತೂಗುಹಾಕಿದ ಊಟದ ಡಬ್ಬಿ, ಹಿಂದಿನ ಚಕ್ರದ ಮೇಲೆ ಹೊಳೆಯುವ ಹೊಸ ಮಡ್‌ಗಾರ್ಡು. ಚಿನ್ಮಯಿ ನೋಡಿದಳು. 'ಮಾವ, ಸೈಕಲ್ಲು' ಎಂಬ ಎರಡು ಶಬ್ದ ನಾಲಗೆಯ ಮೇಲೆ ಬಂದು ಕೂತವು. ಆಗ ಅವಳಿಗೆ ಅನಿಸಿತು: ಇವತ್ತು ಮಂಜಿಲ್ಲ. ಇಷ್ಟು ಕೆಂಪು, ಇಷ್ಟು ಬಿಸಿಲು. ಇದನ್ನಾದರೂ ನೋಡುತ್ತಾರಾ? ನೋಡಿದರೆ ನಾನು ಅಂದುಕೊಂಡದ್ದೆಲ್ಲ ಸುಳ್ಳು. ನೋಡಲಿ. ನೋಡಿಬಿಡಲಿ. ಅವಳು ಬಾಯಿ ಮುಚ್ಚಿಕೊಂಡು, ಕೈಯಲ್ಲಿ ಸೀಟಿನ ಹಿಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಿಕ್ಕಿಗೆ ಮೊದಲೇ ಕೈ ಹಿಡಿದುಕೊಂಡಿತ್ತು, ಅಂದರೆ ಕೈಗೆ ಗೊತ್ತಿತ್ತು ಎನ್ನುವುದು ಆಮೇಲೆ ಅವಳನ್ನು ಬಹಳ ದಿನ ಕಾಡಲಿತ್ತು.

ಬಹಳ ಜೋರಾಗಿ ಏನೂ ಆಗಲಿಲ್ಲ. ತಗಡು ಬಡಿದಂಥ ಒಂದು ಸದ್ದು, ಬೈಕು ಓಲಾಡಿ ಎಡಕ್ಕೆ ವಾಲಿದ್ದು, ಅವಳು ಮೊಣಕಾಲೂರಿ ಬಿದ್ದದ್ದು. ಎದ್ದು ನೋಡಿದರೆ ಸೈಕಲ್ಲಿನವನು ಫುಟ್‌ಪಾತಿನ ಅಂಚಿಗೆ ಬಿದ್ದಿದ್ದ. ಡಬ್ಬಿ ಬಾಯಿಬಿಟ್ಟು ರೊಟ್ಟಿಗಳು ಮಣ್ಣಿನಲ್ಲಿ ಹರಡಿದ್ದವು, ಒಂದು ಹಸಿಮೆಣಸಿನಕಾಯಿ ಬಹಳ ದೂರ ಉರುಳಿಹೋಗಿತ್ತು. ನಲವತ್ತರ ಮೇಲಿನ ಮನುಷ್ಯ. ಮೊಣಕೈ ತರಚಿ ರಕ್ತ ಬಂದಿತ್ತು. ಎದ್ದವನೇ ಮಾವನ ಎದುರು ನಿಂತು, "ಅಂಧೇ ಹೋ ಕ್ಯಾ? ದಿಖ್ತಾ ನಹೀಂ?" ಎಂದು ಅರಚಿದ.

ಕುರುಡನಾ, ಕಾಣಲ್ವಾ? ದೆಹಲಿಯ ರಸ್ತೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಪ್ರಶ್ನೆ. ಯಾರೂ ಉತ್ತರ ಬೇಕೆಂದು ಕೇಳುವುದಲ್ಲ. ಮಾವ ಹೆಲ್ಮೆಟ್ಟು ತೆಗೆದರು. ಬೆವೆತಿದ್ದ ತಲೆಗೂದಲು ಹಣೆಗೆ ಅಂಟಿಕೊಂಡಿತ್ತು. ಅವನ ಭುಜದಾಚೆಗೆ ಎಲ್ಲೋ ನೋಡುತ್ತ, "ನಹೀಂ ದಿಖ್ತಾ, ಭಾಯಿ," ಎಂದರು. ಕಾಣಲ್ಲಪ್ಪ.

ಆ ಮನುಷ್ಯ ಬೈಯಲು ತೆರೆದಿದ್ದ ಬಾಯಿಯನ್ನು ಹಾಗೆಯೇ ಇಟ್ಟುಕೊಂಡು ನಿಂತ. ಅವರ ಕಣ್ಣನ್ನು ಹತ್ತಿರದಿಂದ ನೋಡಿದ, ತಮಾಷೆಯಲ್ಲವೆಂದು ಅವನಿಗೆ ತಿಳಿಯಿತು. ಚಿನ್ಮಯಿ ತನ್ನ ಊಟದ ಡಬ್ಬಿಯನ್ನು ಬ್ಯಾಗಿನಿಂದ ತೆಗೆದು ಅವನ ಮುಂದೆ ಹಿಡಿದಳು. ಬೇಡವೆನ್ನುವಂತೆ ತಲೆಯಾಡಿಸಿದವನು ಮತ್ತೆ ಏನೆನಿಸಿತೋ, ತೆಗೆದುಕೊಂಡ. ಸೈಕಲ್ಲಿನ ಚಕ್ರ ಸುತ್ತಿಸಿ ನೋಡಿ, ಹತ್ತಿ ಕೂತ ಮೇಲೆ ಅವಳ ಕಡೆ ತಿರುಗಿ, "ಬೇಟೀ, ತುಮ್ ಚಲಾವೋ," ಎಂದ. ನೀನೇ ಓಡಿಸಮ್ಮ. ಅಷ್ಟು ಹೇಳಿ ಹೊರಟುಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಕಾಣುತ್ತೆ?" ಎಂದು ಕೇಳಿದಳು ಚಿನ್ಮಯಿ.

"ಪಕ್ಕದಲ್ಲೆಲ್ಲ ಕಾಣುತ್ತೆ. ನಡುವೆ ಮಾತ್ರ ಒಂದು ಕಪ್ಪು. ಕಣ್ಣಿನ ಡಾಕ್ಟರು ಅದು ಬೆಳೀತಾ ಹೋಗುತ್ತೆ ಅಂದಿದ್ದಾರೆ." ಪಾಠ ಒಪ್ಪಿಸುವವರಂತೆ ಹೇಳಿದರು.

"ಅಷ್ಟು ಗೊತ್ತಿದ್ದೂ ನನ್ನ ಹಿಂದೆ ಕೂರಿಸ್ಕೊಂಡು ಓಡಿಸ್ತಿದ್ರಾ? ದಿನಾ?"

"ನೀನು ಹಿಂದೆ ಇದ್ದೀಯ ಅಂತಾನೇ ಓಡಿಸ್ತಿದ್ದೆ," ಎಂದರು ಮಾವ. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ, "ಹಸಿರಾಯ್ತಾ ಅಂತ ನಾನು ಅಷ್ಟು ಸಲ ಕೇಳಿದೆ. ಯಾಕೆ ಮಾವ ಅಂತ ನೀನು ಒಂದು ಸಲಾನೂ ಕೇಳ್ಲಿಲ್ಲ," ಎಂದರು. ಆಪಾದನೆಯ ದನಿಯಲ್ಲ. ಕೃತಜ್ಞತೆಯಂತೆ ಕೇಳಿಸಿತು, ಅದೇ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಸೈಕಲ್ಲು ಕಂಡಿತ್ತು ಎಂದು ಈಗಲೇ ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ. ಅದರ ಬದಲು, "ಕೀ ಕೊಡಿ," ಎಂದಳು.

ಕಳೆದ ತಿಂಗಳು ಮಾವ ಒತ್ತಾಯ ಮಾಡಿ ಅವಳಿಗೆ ಲರ್ನರ್ಸ್ ಲೈಸೆನ್ಸ್ ಮಾಡಿಸಿದ್ದರು. ಎರಡು ಭಾನುವಾರ ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇದು ಕ್ಲಚ್ಚು, ಇದು ಗೇರು, ಮುಂಗಾಲಿನಲ್ಲಿ ಒತ್ತಿದರೆ ಬೀಳುತ್ತೆ, ಹಿಮ್ಮಡಿಯಲ್ಲಿ ಒತ್ತಿದರೆ ವಾಪಸು ಎಂದು ತೋರಿಸಿದ್ದರು. ಓಡಿಸು ಎಂದಾಗ ಅವಳು, ಅಕ್ಕಪಕ್ಕದವರೆಲ್ಲ ನೋಡುತ್ತಾರೆಂದು ಇಳಿದುಬಿಟ್ಟಿದ್ದಳು. ಈಗ ಮಾವ ತಮ್ಮ ಹೆಲ್ಮೆಟ್ಟನ್ನು ಅವಳ ತಲೆಗೆ ಹಾಕಿ ಗದ್ದದ ಕೆಳಗೆ ಪಟ್ಟಿ ಬಿಗಿದರು. ಒಳಗೆ ಕೊಬ್ಬರಿ ಎಣ್ಣೆಯ, ಬೆವರಿನ ವಾಸನೆ. ಕಾಲು ಎತ್ತಿ ಆಚೆ ಹಾಕಿ ಕೂತಾಗ ಸಲ್ವಾರಿನ ಹೊಲಿಗೆ ಎಲ್ಲೋ ಚರ್ ಎಂದಿತು. ಕಿಕ್ ಹೊಡೆದಳು, ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿತು. ಗೇರು ಹಾಕಿ ಕ್ಲಚ್ಚು ಬಿಟ್ಟದ್ದೇ ಬೈಕು ಕಪ್ಪೆಯಂತೆ ನೆಗೆದು ಸತ್ತುಹೋಯಿತು. ಎದುರಿನ ಚಹಾ ಅಂಗಡಿಯಲ್ಲಿ ಗ್ಲಾಸು ಹಿಡಿದು ನಿಂತಿದ್ದ ನಾಲ್ಕೈದು ಮಂದಿ ಈ ಕಡೆ ತಿರುಗಿದರು. ಎರಡನೆಯ ಸಲ ನೆಗೆದಾಗ ಒಬ್ಬ ಶಿಳ್ಳೆ ಹಾಕಿದ. ಮೂರನೆಯ ಸಲ, "ಮೇಡಂ, ಸೀಖ್ ಕೇ ಆವೋ," ಕಲಿತುಕೊಂಡು ಬಾ ಎಂದು ಇನ್ನೊಬ್ಬ ಕೂಗಿದ, ಎಲ್ಲರೂ ನಕ್ಕರು. ಅವಳ ಕಿವಿ ಸುಡುತ್ತಿತ್ತು. ಹೆಲ್ಮೆಟ್ಟಿನೊಳಗೆ ಮುಖ ಕಾಣುವುದಿಲ್ಲ ಎಂಬುದೊಂದೇ ಧೈರ್ಯ.

"ಕ್ಲಚ್ಚನ್ನ ಬಿಡಬೇಡ, ಬಿಡ್ತಾ ಹೋಗು," ಎಂದರು ಹಿಂದಿನಿಂದ ಮಾವ. "ಕೈಗೆ ಗೊತ್ತಾಗುತ್ತೆ ಅದು ಹಿಡ್ಕೊಳ್ಳೋದು. ಕಣ್ಣು ಬೇಕಾಗಿಲ್ಲ ಇದಕ್ಕೆ."

ಅವಳು ಬಿಡುತ್ತಾ ಹೋದಳು. ಎಲ್ಲೋ ಒಂದು ಕಡೆ, ಬೆರಳಿನ ಕೆಳಗೆ, ಬೈಕು ಮೆಲ್ಲಗೆ ಎದ್ದು ನಿಂತಂತಾಯಿತು. ದನವನ್ನು ಎಬ್ಬಿಸುವಾಗ ಅದು ಮೊದಲು ಮೈ ಬಿಗಿಯುವಂತೆ. ನಂತರ ಚಹಾದಂಗಡಿ ತಾನಾಗಿಯೇ ಹಿಂದೆ ಸರಿಯತೊಡಗಿತು. ಹೋಗುತ್ತಿರುವುದು ತಾನು ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಸರ್ವಿಸ್ ರಸ್ತೆಯ ತುದಿಯವರೆಗೆ ಮೊದಲ ಗೇರಿನಲ್ಲೇ ಹೋದಳು, ಎಂಜಿನು ಅರಚುತ್ತಿತ್ತು. "ಒತ್ತು," ಎಂದರು ಮಾವ. ಒತ್ತಿದಳು. ಅರಚಾಟ ಇಳಿದು ಒಂದು ಗುನುಗಿಗೆ ಬಂತು. ಓಖ್ಲಾಕ್ಕೆ ಬಲಕ್ಕೆ ಹೋಗಬೇಕಿತ್ತು. ಅವಳು ಸೌತ್ ಎಕ್ಸ್‌ಟೆನ್ಶನ್ ಕಡೆ, ಮನೆಯ ಕಡೆ, ತಿರುಗಿಸಿದಳು. ಯಾಕೆಂದು ಮಾವ ಕೇಳಲಿಲ್ಲ.

ರಿಂಗ್ ರೋಡು ಅವಳನ್ನು ನುಂಗಲು ಬಂದಂತೆ ಬಂತು. ಬಲಕ್ಕೆ ಬಸ್ಸು, ಎಡಕ್ಕೆ ಟೆಂಪೋ, ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಅಂಗೈ ಬೆವೆತು ಗ್ರಿಪ್ಪು ಜಾರುತ್ತಿತ್ತು. ಪ್ರತಿಯೊಂದು ವಾಹನವೂ ತನ್ನನ್ನೇ ಗುರಿಯಿಟ್ಟು ಬರುತ್ತಿದೆ, ಪ್ರತಿಯೊಬ್ಬ ಡ್ರೈವರನೂ ತನಗೆ ಬರುವುದಿಲ್ಲವೆಂದು ಕಂಡುಹಿಡಿದಿದ್ದಾನೆ ಎನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಬೈಕು ಒಮ್ಮೆ ಆಫ್ ಆಯಿತು, ಹಿಂದಿನ ಕಾರಿನವನು ಕಿಟಕಿ ಇಳಿಸಿ ಅವಳ ಅಮ್ಮನನ್ನು ಬೈದ. ಅವಳು ಕಿಕ್ ಹೊಡೆದಳು, ಹತ್ತಿತು, ಹೊರಟಳು. ಏಮ್ಸ್ ಫ್ಲೈಓವರಿನ ಏರು ಎದುರಿಗೆ ಬಂದಾಗ ಹಿಂತಿರುಗಲು ದಾರಿಯಿರಲಿಲ್ಲ. ಮೂರನೆಯ ಗೇರಿನಲ್ಲಿ ಏರಿದಳು. ಮೇಲೆ ಬಂದ ಕೂಡಲೇ ರಸ್ತೆ ಬಿಚ್ಚಿಕೊಂಡಿತು. ಕೆಳಗೆ ಆಸ್ಪತ್ರೆಯ ಕಟ್ಟಡಗಳು, ಹುಲ್ಲಿನ ತಿರುವುಗಳು, ಮರಗಳ ತಲೆ. ಗಾಳಿ ತೋಳಿನೊಳಗೆ ನುಗ್ಗಿ ಕುರ್ತಾ ಉಬ್ಬಿತು. ಅವಳು ನಾಲ್ಕನೆಯ ಗೇರು ಹಾಕಿದಳು. ಯಾರೂ ಹೇಳಿರಲಿಲ್ಲ. ಎದೆಯೊಳಗೆ ಏನೋ ಹರಿದು ಗಂಟಲಿಗೆ ಬಂತು, ಹೊರಬಿದ್ದಾಗ ಅದು ನಗುವಾಗಿತ್ತು. ಜೋರಾಗಿ ನಕ್ಕಳು. ಅರ್ಧ ಗಂಟೆಯ ಹಿಂದೆ ಒಬ್ಬನ ರೊಟ್ಟಿ ಮಣ್ಣು ಮಾಡಿದವಳು, ಹಿಂದೆ ಕಣ್ಣು ಹೋಗುತ್ತಿರುವ ಮಾವನನ್ನು ಕೂರಿಸಿಕೊಂಡವಳು, ನಗುತ್ತಿದ್ದಾಳೆ. ನಾಚಿಕೆಯಾಯಿತು. ನಾಚಿಕೆಯಾದರೂ ನಗು ನಿಲ್ಲಲಿಲ್ಲ, ಆಕ್ಸಿಲರೇಟರು ಹಿಂಡಿದ ಕೈಯೂ ಸಡಿಲವಾಗಲಿಲ್ಲ. ಈ ರಸ್ತೆ ಇನ್ನೂ ಹತ್ತು ಮೈಲಿ ಹೀಗೆಯೇ ಇರಲಿ, ಮಾವನ ವಿಷಯ, ಅತ್ತೆಯ ವಿಷಯ, ಯಾವುದೂ ಬರದೇ ಇರಲಿ ಎನಿಸಿತು.

ಇಳಿಜಾರು ಬಂತು. ಸಫ್ದರ್‌ಜಂಗ್ ಆಸ್ಪತ್ರೆ ದಾಟಿ, ಕಾಲೊನಿಯ ಮೊದಲ ತಿರುವಿನಲ್ಲಿ ಮಾವ ಅವಳ ಭುಜ ತಟ್ಟಿದರು.

"ಇಲ್ಲಿ ನಿಲ್ಲಿಸು ಚಿನ್ನಿ. ಇಲ್ಲಿಂದ ನಾನು ತಗೊಂಡು ಹೋಗ್ತೀನಿ."

ಅವಳು ಒಂದು ಗೇರು ಇಳಿಸಿ ತಿರುವು ದಾಟಿದಳು.

"ನೂರು ಗಜ. ಇಪ್ಪತ್ತು ವರ್ಷದಿಂದ ಗೊತ್ತಿರೋ ರಸ್ತೆ, ಕಣ್ಮುಚ್ಚಿಕೊಂಡು ಹೋಗ್ತೀನಿ. ನಿಮ್ಮತ್ತೆ ನೋಡೋ ಹೊತ್ತಿಗೆ ನಾನು ಮುಂದೆ ಇರಬೇಕು, ಅಷ್ಟೇ. ನಾಳೆಯಿಂದ ಮುಟ್ಟಲ್ಲ. ನಾನೇ ಹೇಳ್ತೀನಿ ಅವಳಿಗೆ, ನಿಧಾನವಾಗಿ. ಅಚ್ಛಾ? ನಿಲ್ಲಿಸು."

ನಿಲ್ಲಿಸಬಹುದಿತ್ತು. ನೂರು ಗಜವೇ. ಆ ರಸ್ತೆಯಲ್ಲಿ ಆ ಹೊತ್ತಿಗೆ ಮಕ್ಕಳಿರಲಿಲ್ಲ, ಒಂದು ನಾಯಿ ಬಿಸಿಲಿಗೆ ಮಲಗಿತ್ತು. ಬಾಲ್ಯದಲ್ಲಿ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಷ್ಟು ಸುತ್ತಿದ ಮನುಷ್ಯ ಜೀವನದಲ್ಲಿ ಮೊದಲ ಸಲ ಅವಳಿಂದ ಏನೋ ಬೇಡುತ್ತಿದ್ದರು. ಬೇಡವೆನ್ನುತ್ತಿರುವುದು ಅವರ ಒಳಿತಿಗೋ, ಈ ಹ್ಯಾಂಡಲ್ಲನ್ನು ಬಿಟ್ಟುಕೊಡಲು ತನಗೆ ಇಷ್ಟವಿಲ್ಲದ್ದಕ್ಕೋ ಅವಳಿಗೆ ಬಗೆಹರಿಯಲಿಲ್ಲ. ಕೈ ಮಾತ್ರ ಬ್ರೇಕಿನ ಕಡೆ ಹೋಗಲಿಲ್ಲ. ಮಾವ ಇನ್ನೊಮ್ಮೆ ಭುಜ ತಟ್ಟಿದರು, ಆಮೇಲೆ ಕೈ ತೆಗೆದರು. ಆ ಕೈ ತೆಗೆದದ್ದು ಅವಳ ಬೆನ್ನಿಗೆಲ್ಲ ತಿಳಿಯಿತು.

ಕ್ವಾರ್ಟರ್ಸಿನ ಮುಂದೆ ತರಕಾರಿ ಗಾಡಿ ನಿಂತಿತ್ತು. ಶಾಂತಮ್ಮತ್ತೆ, "ಭಯ್ಯಾ, ಮಟರ್ ಠೀಕ್ ಸೇ ದೋ," ಸರಿಯಾಗಿ ಕೊಡು ಎಂದು ಬಟಾಣಿ ಆರಿಸುತ್ತಿದ್ದವರು ಬೈಕಿನ ಸದ್ದಿಗೆ ತಲೆಯೆತ್ತಿದರು. ಹೆಲ್ಮೆಟ್ಟಿನ ಕೆಳಗೆ ಸೊಸೆಯ ಕುರ್ತಾ, ಹಿಂದೆ ಬರಿದಲೆಯ ಗಂಡ. ಒಂದು ಕ್ಷಣ ಅರ್ಥವಾಗದೆ ನಿಂತು, ಆಮೇಲೆ ಮುಖವೆಲ್ಲ ಅರಳಿ, "ಅಯ್ಯೋ ಇವಳಾ! ರೀ, ಯಾವಾಗ ಕಲಿಸಿದ್ರಿ?" ಎಂದು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯವರೂ ಬಾಗಿಲಿಗೆ ಬಂದರು. ಬೈಕು ಗಾಡಿಯ ಪಕ್ಕ ಜರ್ಕು ಹೊಡೆದು ನಿಂತಿತು, ಎಂಜಿನು ಓಡುತ್ತಲೇ ಇತ್ತು.

"ನಾನೇ ಕಲಿಸಿದ್ದು," ಎಂದರು ಮಾವ. ಅವರ ದನಿಯಲ್ಲಿ ನಿಜವಾದ ಹೆಮ್ಮೆಯಿತ್ತು. "ಏಮ್ಸ್ ಫ್ಲೈಓವರ್ ಮೇಲೆ ಬಂದಳು ಕಣೆ, ನಾಲ್ಕನೇ ಗೇರಲ್ಲಿ."

ಇಲ್ಲಿಗೇ ಬಿಡಬಹುದಿತ್ತು. ಎಲ್ಲರೂ ನಗುತ್ತಿದ್ದರು, ಬಿಸಿಲು ಹಿತವಾಗಿತ್ತು. ನಾಳೆ ಹೇಳಬಹುದು, ನಾಡಿದ್ದು ಹೇಳಬಹುದು. ಆ ನಾಳೆಯ ರುಚಿ ಚಿನ್ಮಯಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಅತ್ತೆ, ಮಾವನಿಗೆ ಕಣ್ಣು ಕಾಣಿಸ್ತಿಲ್ಲ," ಎಂದಳು.

ಎಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಮಾವನ ತೋಳು ಅವಳ ಸೊಂಟದ ಪಕ್ಕದಿಂದ ಮುಂದೆ ಬಂತು. ತಡವರಿಸಲಿಲ್ಲ, ತಡಕಾಡಲಿಲ್ಲ. ನೇರವಾಗಿ ಹೋಗಿ ಕೀಲಿ ಹಿಡಿದು ತಿರುಗಿಸಿತು. ಎಲ್ಲವೂ ನಿಶ್ಶಬ್ದವಾಯಿತು. ತರಕಾರಿಯವನು ತಕ್ಕಡಿ ಕೆಳಗಿಟ್ಟ.

ಅತ್ತೆಯ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೋಗಲು ದಾರಿ ತಿಳಿಯದೆ ಅಲ್ಲೇ ಉಳಿದಂತಿತ್ತು. "ಎಷ್ಟು ದಿನದಿಂದ?" ಎಂದರು.

ಮಾವ ಗಂಟಲು ಸರಿಮಾಡಿಕೊಂಡು, "ದೀಪಾವಳಿ ಹೊತ್ತಿಂದ ಸ್ವಲ್ಪ ಸ್ವಲ್ಪ..." ಎಂದು ಶುರುಮಾಡಿದರು.

"ನಿಮ್ಮನ್ನ ಕೇಳಿದ್ದಲ್ಲ." ಅತ್ತೆ ಅವರ ಕಡೆ ನೋಡುತ್ತಿರಲಿಲ್ಲ. ಕೈಯಲ್ಲಿ ಬಟಾಣಿಕಾಯಿ ಹಿಡಿದುಕೊಂಡೇ ಬೈಕಿನ ಹತ್ತಿರ ಬಂದು, ಚಿನ್ಮಯಿಯ ಎದುರು ನಿಂತರು. "ನಿಂಗೆ ಎಷ್ಟು ದಿನದಿಂದ ಗೊತ್ತು?"

ಚಿನ್ಮಯಿಯ ಎರಡೂ ಕಾಲು ನೆಲದ ಮೇಲಿದ್ದವು. ಬೈಕಿನ ಭಾರ, ಹಿಂದೆ ಕೂತವರ ಭಾರ, ಎರಡನ್ನೂ ಅವು ಹಿಡಿದಿದ್ದವು. ಯಾವುದೋ ಒಂದು ಕಡೆಗೆ ಸ್ವಲ್ಪ ವಾಲಿದರೂ ಮೂವರೂ ಬೀಳುವ ಹಾಗಿತ್ತು.

"ಒಂದು ತಿಂಗಳಿಂದ, ಅತ್ತೆ," ಎಂದಳು. ಹೆಲ್ಮೆಟ್ಟಿನೊಳಗೆ ಅವಳ ದನಿ ಅವಳಿಗೇ ಬಹಳ ದೊಡ್ಡದಾಗಿ ಕೇಳಿಸಿತು.